ಟ್ರಿನಿಡಾಡಿನ ಕೂಲಿವಾಸ

1838ರಲ್ಲಿ ದಾಸ್ಯವಿಮೋಚನೆಯು ಪೂರ್ಣಗೊಂಡು, ಟ್ರಿನಿಡಾಡ್ ದ್ವೀಪದ ಕಬ್ಬಿನ ತೋಟಗಳಲ್ಲಿ ದುಡಿಯುವವರು ಸಾಲದೆ ಹೋಗಲು, ತೋಟದೊಡೆಯರ ದೃಷ್ಟಿಯು ಭಾರತದತ್ತ ಹೊರಳಿತು. ಕಲ್ಕತ್ತೆಯಿಂದ ಹೊರಟ ‘ಫತೆಲ್ ರಝಾಕ್’ ಎಂಬ ಹಡಗು 1845ರ ಮೇ 30ರಂದು ಇನ್ನೂರಕ್ಕೂ ಮಿಕ್ಕ ಜನರನ್ನು ಪೋರ್ಟ್ ಆಫ್ ಸ್ಪೇನಿನಲ್ಲಿ ಇಳಿಸಿತು. ಅವರ ಹಿಂದೆ ಬಂದ ಸಹಸ್ರಾರು ಮಂದಿ, ಐದು ವರ್ಷಗಳ ಕರಾರಿಗೆ ಬದ್ಧರಾಗಿ, ಸಾಲುಮನೆಗಳ ಇಕ್ಕಟ್ಟಾದ ಕೋಣೆಗಳಲ್ಲಿ ವಾಸಿಸುತ್ತ, ಗಂಡಾಳಿಗೆ ದಿನವೊಂದಕ್ಕೆ 25 ಸೆಂಟಿನಷ್ಟೇ ಆಗಿದ್ದ ಕೂಲಿಯಲ್ಲಿ ಅಕ್ಕಿಬೇಳೆಗಳಿಂದ ಉದರಪೋಷಣೆ ಮಾಡಿಕೊಂಡು, ಮಿಕ್ಕ ಕಾಸನ್ನು ಬೆಳ್ಳಿಯ ಒಡವೆಗಳಾಗಿ ಕೂಡಿಟ್ಟರೆಂಬುದನ್ನು ನೆನೆವಾಗ, ಆ ಮಿತವ್ಯಯವು ತಪಸ್ಸಿಗೆ ಸಮಾನವೆನಿಸುತ್ತದೆ. 1869ರಿಂದ, ಭಾರತಕ್ಕೆ ಮರುಪ್ರಯಾಣದ ಹಕ್ಕನ್ನು ತ್ಯಜಿಸಿದವರಿಗೆ ಸರ್ಕಾರವು 10 ಎಕರೆ ಭೂಮಿಯನ್ನು ಕೊಡತೊಡಗಲು, ಅನೇಕರು ಅಲ್ಲಿಯೇ ನೆಲೆನಿಂತು ಕೃಷಿಕರಾದರು. 1917ರಲ್ಲಿ ಈ ಕೂಲಿಸಾಗಣೆಯು ನಿಂತಿತು. ಅವರ ಸಂತತಿಯು ಇಂದು ಆ ನಾಡಿನ ಜನಸಂಖ್ಯೆಯ ಮೂರನೆಯ ಒಂದು ಭಾಗಕ್ಕೂ ಅಧಿಕವಾಗಿದೆ. ಆ ಹಡಗು ಬಂದಿಳಿದ ಮೇ 30 ಅಲ್ಲಿ ಸಾರ್ವಜನಿಕ ರಜಾದಿನ.