ಟಿಪ್ಪುವಿನ ವೇಷ ಯಾರಿಗೆ?

ಸ್ವಾತಂತ್ರ್ಯ ದಿನ, ಕನ್ನಡ ರಾಜ್ಯೋತ್ಸವ ಅಥವಾ ವಾರ್ಷಿಕೋತ್ಸವದ ಬೆಳಿಗ್ಗೆ ಮೈಸೂರಿನ ಯಾವುದಾದರೂ ಶಾಲೆಗೆ ಹೋಗಿ ನೋಡಿ. ವೇದಿಕೆಯ ಹಿಂದೆ ಇತಿಹಾಸವೇ ಸಾಲುಗಟ್ಟಿ ನಿಂತಿರುತ್ತದೆ. ದುಂಡು ಕನ್ನಡಕದ ಗಾಂಧೀಜಿ, ಕಾವಿ ಪೇಟದ ವಿವೇಕಾನಂದ, ರಟ್ಟಿನ ಕತ್ತಿ ಹಿಡಿದ ಕಿತ್ತೂರು ಚೆನ್ನಮ್ಮ, ತನಗಿಂತ ಉದ್ದದ ಒನಕೆ ಹೊತ್ತ ಓಬವ್ವ. ಬಾಡಿಗೆಗೆ ತಂದ ಬಟ್ಟೆಗೆ ಅಲ್ಲಲ್ಲಿ ಪಿನ್ನು ಚುಚ್ಚುವ ಅಮ್ಮಂದಿರು, ಹೇಳಬೇಕಾದ ಎರಡು ಮಾತನ್ನು ಕೊನೆಯ ಬಾರಿ ಬಾಯಿಪಾಠ ಮಾಡಿಸುವ ಅಪ್ಪಂದಿರು. ಇದಕ್ಕೆ ನಾವು ಛದ್ಮವೇಷ ಸ್ಪರ್ಧೆ ಎನ್ನುತ್ತೇವೆ.

ಈ ಸಾಲಿನಲ್ಲಿ ಟಿಪ್ಪು ಸುಲ್ತಾನ್ ಇದ್ದರೆ ಆ ಮಗುವಿನ ಹೆಸರು ಏನಿರಬಹುದೆಂದು ಹೆಚ್ಚಿನವರು ಕೇಳದೆಯೇ ಊಹಿಸುತ್ತಾರೆ. ಓಬವ್ವನಾಗಲು ಯಾರು ಬೇಕಾದರೂ ಆದೀತು, ಟಿಪ್ಪುವಾಗಲು ಮಾತ್ರ ಮುಸ್ಲಿಮರ ಮನೆಯ ಹುಡುಗನೇ ಬೇಕು ಎಂಬ ಅಲಿಖಿತ ನಿಯಮವೊಂದು ನಮ್ಮ ನಡುವೆ ಬೆಳೆದಿದೆ. ಇನ್ನು ಕೆಲವು ಮನೆಗಳಲ್ಲಿ, ‘ಸುಮ್ಮನೆ ಯಾಕೆ ರಗಳೆ, ಈ ಸಲ ಅಬ್ದುಲ್ ಕಲಾಂ ಮಾಡಿಸೋಣ’ ಎಂದು ಹಿರಿಯರು ತೀರ್ಮಾನಿಸುತ್ತಾರೆ. ಕಲಾಂ ಆಗುವುದು ಹೆಮ್ಮೆಯ ವಿಷಯವೇ. ಆದರೆ ಆ ಆಯ್ಕೆಯ ಹಿಂದೆ ಭಯವಿದ್ದರೆ, ಅದು ಮಗುವಿಗೆ ಗೊತ್ತಾಗದೆ ಇರುವುದಿಲ್ಲ.

ವೇಷ ಎಂಬುದು ನಮ್ಮ ನಾಡಿಗೆ ಹೊಸತಲ್ಲ. ಹಗಲುವೇಷದವರು ಊರೂರು ಸುತ್ತಿ ಪುರಾಣದ ಪಾತ್ರಗಳನ್ನು ಮನೆಬಾಗಿಲಿಗೆ ತರುತ್ತಿದ್ದರು. ಹಳೆಯ ಮೈಸೂರು ಸೀಮೆಯಲ್ಲಿ ಮೊಹರಂ ಎಂದರೆ ಬಾಬಯ್ಯನ ಹಬ್ಬ. ಆ ಹಬ್ಬದಲ್ಲಿ ಹುಲಿವೇಷ ಹಾಕಿ ಕುಣಿಯುವವರಲ್ಲಿ ಹಿಂದೂಗಳೂ ಇರುತ್ತಿದ್ದರು. ಬಣ್ಣ ಬಳಿದ ಮೇಲೆ ಹುಲಿಗೆ ಜಾತಿ ಎಲ್ಲಿಯದು?

ಕಂಪನಿ ನಾಟಕದ ಕಾಲ ಇದಕ್ಕೆ ಇನ್ನೂ ದೊಡ್ಡ ಸಾಕ್ಷಿ. ಚಂದ್ರಕಲಾ ನಾಟಕ ಮಂಡಳಿಯ ಮಹಮದ್ ಪೀರ್ ಕನ್ನಡ ರಂಗಭೂಮಿಯ ಬಹುದೊಡ್ಡ ನಟರಲ್ಲಿ ಒಬ್ಬರು. ಅವರು ಷಹಜಹಾನನಾಗಿ ಹೆಸರಾದಂತೆ ಗೌತಮ ಬುದ್ಧನಾಗಿಯೂ ಹೆಸರಾದರು. ಅವರ ಮಂಡಳಿ ಆಡುತ್ತಿದ್ದ ‘ಸಂಸಾರ ನೌಕ’ 1936ರಲ್ಲಿ ಸಿನಿಮಾ ಆಯಿತು. 1937ರಲ್ಲಿ ಪೀರ್ ತೀರಿಕೊಂಡರು. ಬುದ್ಧನ ಕಾಷಾಯ ತೊಟ್ಟ ನಟನ ಧರ್ಮ ಯಾವುದೆಂದು ಪ್ರೇಕ್ಷಕರಿಗೆ ತಿಳಿದೇ ಇತ್ತು. ಅದು ಅವರ ಕಣ್ಣೀರಿಗೆ ಅಡ್ಡ ಬರಲಿಲ್ಲ.

ಪಶ್ಚಿಮದ ಶ್ರೀಮಂತರಿಗೂ ಗತಕಾಲದವರ ಬಟ್ಟೆ ತೊಡುವ ಹುಚ್ಚಿತ್ತು. 1897ರ ಜುಲೈ 2ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ವಜ್ರ ಮಹೋತ್ಸವದ ಸಂಭ್ರಮದಲ್ಲಿ, ಲಂಡನ್ನಿನ ಡೆವನ್‌ಶೈರ್ ಹೌಸಿನಲ್ಲಿ ದೊಡ್ಡ ವೇಷಕೂಟ ನಡೆಯಿತು. ಅತಿಥಿಗಳು ಇತಿಹಾಸದ ವ್ಯಕ್ತಿಗಳಾಗಿಯೇ ಬಂದರು. ಮನೆಯೊಡತಿ ತೊಟ್ಟದ್ದು ಪಾಲ್ಮೈರಾದ ರಾಣಿ ಜೆನೋಬಿಯಾಳ ವೇಷ. ರೋಮ್ ಸಾಮ್ರಾಜ್ಯವನ್ನು ಎದುರಿಸಿ ಸೋತ ಪೂರ್ವದೇಶದ ರಾಣಿಯಾಗಿ, ಅಂದಿನ ಅತಿದೊಡ್ಡ ಸಾಮ್ರಾಜ್ಯದ ಶ್ರೀಮಂತೆಯೊಬ್ಬಳು ಮೆರೆದಳು. ಗೆದ್ದವರಿಗೆ ಸೋತವರ ಬಟ್ಟೆ ಒಂದು ಸಂಜೆಯ ವಿನೋದ.

ಟಿಪ್ಪುವಿನ ವಿಷಯದಲ್ಲಿ ಇದು ಇನ್ನೂ ಬೇಗ ಶುರುವಾಗಿತ್ತು. ಅವನು ಬದುಕಿದ್ದಾಗಲೇ, ಮೂರನೆಯ ಮೈಸೂರು ಯುದ್ಧದ ದಿನಗಳಲ್ಲಿ, ಲಂಡನ್ನಿನ ರಂಗಮಂದಿರಗಳಲ್ಲಿ ನಟರು ಟಿಪ್ಪುವಿನ ವೇಷ ಕಟ್ಟಿ ಕ್ರೂರಿಯಾಗಿ ಅಬ್ಬರಿಸುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಂಥ ಪ್ರದರ್ಶನಗಳು ಇನ್ನಷ್ಟು ಹೆಚ್ಚಿದವು. ಅವನ ಹೂಬಳ್ಳಿಯ ಚಿತ್ತಾರದ ಡೇರೆ ವೇಲ್ಸ್‌ನ ಪೊವಿಸ್ ಕೋಟೆ ಸೇರಿ, ಅಲ್ಲಿನ ತೋಟದ ಕೂಟಗಳಿಗೆ ನೆರಳಾಯಿತು. ಇಂದು ಹಲವರ ಮನಸ್ಸಿನಲ್ಲಿರುವ ಕೆಂಗಣ್ಣಿನ ಟಿಪ್ಪುವಿಗೆ ಮೊದಲ ಬಣ್ಣ ಬಳಿದವರಲ್ಲಿ ಆ ಪರದೇಶದ ರಂಗಭೂಮಿಯವರೂ ಇದ್ದಾರೆ ಎಂಬುದನ್ನು ಮರೆಯಬಾರದು.

ಮೈಸೂರು ನಗರ ಈ ವೇಷಕ್ಕಾಗಿ ಜೀವಗಳನ್ನೇ ತೆತ್ತಿದೆ. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿ ಸಂಜಯ್ ಖಾನ್ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ ತಯಾರಿಸುತ್ತಿದ್ದರು. 1989ರ ಫೆಬ್ರವರಿ 8ರಂದು ಹುಣಸೂರು ರಸ್ತೆಯ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ವೇಳೆ ಬೆಂಕಿ ಹೊತ್ತಿಕೊಂಡಿತು. ಅರವತ್ತಕ್ಕೂ ಹೆಚ್ಚು ಮಂದಿ ಸತ್ತರು. ಟಿಪ್ಪುವಿನ ಪಾತ್ರ ಮಾಡುತ್ತಿದ್ದ ಸಂಜಯ್ ಖಾನ್ ತೀವ್ರವಾಗಿ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಕಳೆದರು. ಮುಂದೆ ಧಾರಾವಾಹಿ ದೂರದರ್ಶನದಲ್ಲಿ ಬಂತು, ಇದು ಕಲ್ಪನೆ ಎಂಬ ಪ್ರಕಟಣೆಯೊಂದಿಗೆ. ಟಿಪ್ಪು ನಾಯಕನೋ ಖಳನೋ ಎಂಬ ವಾದ ಆಗಲೂ ಇತ್ತು, ಈಗಲೂ ಇದೆ. ಆದರೆ ಆ ಬೆಂಕಿಯಲ್ಲಿ ಬೆಂದವರ ನೆನಪು ಯಾವ ಪಕ್ಷಕ್ಕೂ ಬೇಕಾಗಲಿಲ್ಲ.

ಅಲ್ಲಿಂದ ಮುಂದೆ ವೇಷ ರಾಜಕೀಯದ ಕೈಗೆ ಹೋಯಿತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಆರಂಭಿಸಿತು, 2019ರಲ್ಲಿ ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟಿತು. ರಂಗದ ಮೇಲೆಯೂ ಹಾಗೆಯೇ. ಗಿರೀಶ ಕಾರ್ನಾಡರ ನಾಟಕದಲ್ಲಿ ಟಿಪ್ಪು ಕನಸುಗಾರ. 2022ರ ನವೆಂಬರಿನಲ್ಲಿ ಮೈಸೂರಿನ ರಂಗಾಯಣದಲ್ಲಿ, ಅಂದಿನ ನಿರ್ದೇಶಕ ಅಡ್ಡಂಡ ಕಾರ್ಯಪ್ಪನವರ ‘ಟಿಪ್ಪು ನಿಜ ಕನಸುಗಳು’ ಅದಕ್ಕೆ ಎದುರಾದ ಚಿತ್ರವನ್ನು ಮುಂದಿಟ್ಟಿತು.

ಹಾಗಾದರೆ ನಿಜವಾದ ಟಿಪ್ಪು ಯಾರು? ಮರಾಠಾ ಸೈನ್ಯದ ಪಡೆಗಳು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ಗುರುಗಳಿಗೆ ಗೌರವದಿಂದ ಪತ್ರ ಬರೆದು ನೆರವು ಕಳಿಸಿದವನೂ ಅವನೇ. ಕೊಡವರನ್ನೂ ಮಂಗಳೂರಿನ ಕ್ರೈಸ್ತರನ್ನೂ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದವನೂ ಅವನೇ. ಇವೆರಡರಲ್ಲಿ ಒಂದನ್ನು ಮುಚ್ಚಿಟ್ಟು ಮಗುವಿಗೆ ವೇಷ ಕಟ್ಟಿದರೆ, ನಾವು ಕಟ್ಟಿದ್ದು ಬಟ್ಟೆಯನ್ನು ಮಾತ್ರ.

1799ರ ಮೇ 4ರ ರಾತ್ರಿ, ಕೋಟೆಯ ಬಾಗಿಲಲ್ಲಿ ಹೆಣಗಳ ರಾಶಿಯ ನಡುವೆ ದೀಪ ಹಿಡಿದು ಸುಲ್ತಾನನನ್ನು ಹುಡುಕಿದರು. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೇಜರ್ ಅಲನ್ ತಾನು ಕಂಡದ್ದನ್ನು ಬರೆದಿಟ್ಟಿದ್ದಾನೆ. ಮೈಮೇಲೆ ಬಿಳಿ ನಾರುಬಟ್ಟೆಯ ಅಂಗಿ, ಹೂವಿನ ಅಚ್ಚಿನ ಚೀಟಿಬಟ್ಟೆಯ ಸಡಿಲ ಇಜಾರ, ಸೊಂಟಕ್ಕೆ ಕೆಂಪು ವಸ್ತ್ರ, ತೋಳಿನಲ್ಲಿ ಒಂದು ತಾಯಿತ. ಪೇಟ ಎಲ್ಲೋ ಬಿದ್ದುಹೋಗಿ ತಲೆ ಬರಿದಾಗಿತ್ತು.

ನಮ್ಮ ಬಾಡಿಗೆ ಅಂಗಡಿಗಳಲ್ಲಿ ಸಿಗುವ ಟಿಪ್ಪುವಿಗೆ ಮೊದಲು ಬೇಕಾದದ್ದೇ ಮಿರುಗುವ ಪೇಟ. ಕೊನೆಯ ಗಳಿಗೆಯ ಟಿಪ್ಪುವಿಗೆ ಅದೇ ಇರಲಿಲ್ಲ. ಸಾಧಾರಣ ಸೈನಿಕನಂತೆ ಬಾಗಿಲಲ್ಲಿ ನಿಂತು ಸತ್ತವನನ್ನು ಬಟ್ಟೆಯ ಮೆರುಗಿನಿಂದ ಗುರುತಿಸುವಂತಿರಲಿಲ್ಲ.

ಮೈಸೂರಿನಿಂದ ಶ್ರೀರಂಗಪಟ್ಟಣ ಅರ್ಧ ಗಂಟೆಯ ದಾರಿ. ಸ್ಪರ್ಧೆಯ ಮುಂಚಿನ ಭಾನುವಾರ ಮಗುವನ್ನು ಅಲ್ಲಿಗೆ ಕರೆದೊಯ್ಯಿರಿ. ದರಿಯಾ ದೌಲತ್‌ನ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆ, ಗುಂಬಜ್‌ನಲ್ಲಿ ತಂದೆ ತಾಯಿಯ ಪಕ್ಕ ಮಲಗಿದ ಮಗನ ಗೋರಿಯಿದೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಅದರ ವಯಸ್ಸಿಗೆ ತಕ್ಕಂತೆ ಹೇಳಿ. ಆಮೇಲೆ ಯಾವ ವೇಷ ಬೇಕೆಂದು ಮಗುವನ್ನೇ ಕೇಳಿ. ರಮೇಶ ಟಿಪ್ಪುವಾಗಲಿ, ರಿಜ್ವಾನ ವಿವೇಕಾನಂದನಾಗಲಿ, ಆಯೇಷಾ ಓಬವ್ವನಾಗಲಿ. ಬುದ್ಧನಾದ ಮಹಮದ್ ಪೀರರನ್ನು ಕಂಡ ನಾಡಿಗೆ ಇದು ಕಷ್ಟದ ಕೆಲಸವೇನೂ ಅಲ್ಲ.