ಬೀಗ ತೆಗೆದರು, ಕ್ಯೂ ಎಲ್ಲಿಗೆ ಹೋಯಿತು?

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಂಪನಿಯಲ್ಲಿ ಒಮ್ಮೆ ಒಂದು ವಿಚಿತ್ರ ತೊಂದರೆ ಶುರುವಾಯಿತು. ಸರ್ವರ್‌ಗಳ ನಡುವೆ ಓಡಾಡುವ ರಿಕ್ವೆಸ್ಟ್‌ಗಳು ಸಾಮಾನ್ಯವಾಗಿ ಒಂದೆರಡು ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದವು. ಆದರೆ ಗಡಿಯಾರ ಇಟ್ಟು ಅಳೆದ ಹಾಗೆ ಎರಡು ಸೆಕೆಂಡಿಗೊಮ್ಮೆ, ಕೆಲವು ರಿಕ್ವೆಸ್ಟ್‌ಗಳು ಮಾತ್ರ ಹತ್ತಾರು ಮಿಲಿಸೆಕೆಂಡ್ ಸುಮ್ಮನೆ ನಿಂತುಬಿಡುತ್ತಿದ್ದವು. ಗ್ರಾಫ್ ನೋಡಿದರೆ ಥೇಟ್ ಇಸಿಜಿ. ನಮ್ಮ ಕೋಡ್‌ನಲ್ಲಿ ಎರಡು ಸೆಕೆಂಡಿಗೊಮ್ಮೆ ನಡೆಯುವ ಕೆಲಸ ಯಾವುದೂ ಇರಲಿಲ್ಲ. "ದೊಡ್ಡ ಮಷೀನ್ ಹಾಕಿ ನೋಡಿ, ಕೋರ್ ಸಾಲ್ತಿಲ್ಲ ಅನ್ಸುತ್ತೆ" ಅಂದರು ಮ್ಯಾನೇಜರ್. ಹಾಕಿದೆವು. ಉಬ್ಬುಗಳು ಇನ್ನೂ ಎತ್ತರವಾದವು.

ಕೋರ್ ಜಾಸ್ತಿ ಮಾಡಿದರೆ ನಿಧಾನವಾಗುತ್ತೆ ಅಂದರೆ ಏನರ್ಥ? ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಸಿಕ್ಕಿದ್ದು ಲಿನಕ್ಸ್ ಕರ್ನಲ್‌ನೊಳಗಿನ ಲೋಡ್ ಬ್ಯಾಲೆನ್ಸರ್‌ನಲ್ಲಿ. ಅದು ಯಾಕೆ ಹಾಗಿದೆ ಅಂತ ಅರ್ಥವಾಗಬೇಕಾದರೆ ಇಪ್ಪತ್ತೈದು ವರ್ಷ ಹಿಂದಕ್ಕೆ ಹೋಗಬೇಕಾಯಿತು. ಹೋಗಿ ಬಂದಿದ್ದರ ಕಥೆ ಇದು.

1996ರ ಜೂನ್‌ನಲ್ಲಿ ಲಿನಕ್ಸ್ 2.0 ಬಂತು. ಒಂದಕ್ಕಿಂತ ಹೆಚ್ಚು ಪ್ರೊಸೆಸರ್ ಇರುವ ಮಷೀನ್‌ಗಳಲ್ಲಿ ಓಡಬಲ್ಲ ಮೊದಲ ಸ್ಥಿರ ಆವೃತ್ತಿ ಅದು. ಓಡುತ್ತಿತ್ತು, ನಿಜ. ಆದರೆ ಕರ್ನಲ್‌ಗೆಲ್ಲ ಸೇರಿ ಇದ್ದಿದ್ದು ಒಂದೇ ಬೀಗ. ಅದರ ಹೆಸರೇ 'ಬಿಗ್ ಕರ್ನಲ್ ಲಾಕ್'. ಮದುವೆ ಮನೆಯಲ್ಲಿ ಸಾರು ಬಡಿಸೋಕೆ ನಾಲ್ಕು ಜನ ನಿಂತಿದ್ದಾರೆ, ಸೌಟು ಮಾತ್ರ ಒಂದೇ ಅಂದುಕೊಳ್ಳಿ. ಒಬ್ಬ ಬಡಿಸುವಾಗ ಉಳಿದ ಮೂವರು ಬಕೆಟ್ ಹಿಡಿದು ನಿಂತಿರಬೇಕು. ಇದನ್ನು ದಡ್ಡತನ ಅನ್ನೋ ಹಾಗಿಲ್ಲ. ಒಂದೇ ಪ್ರೊಸೆಸರ್‌ಗೆಂದು ಬರೆದ ಕೋಡನ್ನು ಕೆಡದ ಹಾಗೆ ನಾಲ್ಕಕ್ಕೆ ಒಗ್ಗಿಸಲು ಅದು ಅತ್ಯಂತ ಸುರಕ್ಷಿತ ದಾರಿಯಾಗಿತ್ತು. ಆ ಬೀಗವನ್ನು ಪೂರ್ತಿ ಕಿತ್ತು ಹಾಕಿದ್ದು 2011ರಲ್ಲಿ, 2.6.39 ಆವೃತ್ತಿಯಲ್ಲಿ. ಅಂದರೆ ಹದಿನೈದು ವರ್ಷ ಹಿಡಿಯಿತು.

ಇದೇ ಹೊತ್ತಿಗೆ ಇನ್ನೊಂದು ಕಡೆ ಬೇರೆ ಕೆಲಸ ಶುರುವಾಗಿತ್ತು. 1998ರ ಮೇನಲ್ಲಿ ಚೀನಾದ ಚಾಂಗ್ಶಾ ನಗರದ ರಾಷ್ಟ್ರೀಯ ರಕ್ಷಣಾ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿದ್ದ ಝಾಂಗ್ ವೆನ್‌ಸಾಂಗ್ 'ಲಿನಕ್ಸ್ ವರ್ಚುವಲ್ ಸರ್ವರ್' ಅನ್ನೋ ಯೋಜನೆ ಆರಂಭಿಸಿದರು. ಒಂದು ದೊಡ್ಡ ದುಬಾರಿ ಸರ್ವರ್ ಬದಲು ಹತ್ತು ಅಗ್ಗದ ಸರ್ವರ್ ಇಡೋಣ, ಮುಂದೆ ಒಂದು ಮಷೀನ್ ನಿಂತು ಬಂದವರನ್ನು ಹಂಚಲಿ ಅನ್ನೋದು ಯೋಚನೆ. ಛತ್ರದ ಊಟದ ಹಾಲ್ ಬಾಗಿಲಲ್ಲಿ ನಿಂತು "ಬನ್ನಿ ಬನ್ನಿ, ಆ ಸಾಲಲ್ಲಿ ಜಾಗ ಇದೆ" ಅನ್ನುವ ಹುಡುಗಿಯ ಕಡೆಯ ಮಾವ ಇರ್ತಾರಲ್ಲ, ಅವರ ಕೆಲಸ ಇದು. ಬಾಗಿಲಲ್ಲಿ ಹಂಚುವ ಈ ಕೆಲಸವನ್ನು ಕರ್ನಲ್‌ನೊಳಗೆ ಮಾಡುವ ಭಾಗಕ್ಕೆ ಐಪಿವಿಎಸ್ ಅಂತ ಹೆಸರು. ಇದರಲ್ಲಿ 'ಡೈರೆಕ್ಟ್ ರೂಟಿಂಗ್' ಅನ್ನೋ ಒಂದು ಜಾಣ ವಿಧಾನವಿತ್ತು: ಒಳಗೆ ಬರುವ ಪ್ಯಾಕೆಟ್ ಮಾತ್ರ ಈ ಬಾಗಿಲಿನಿಂದ, ಉತ್ತರ ಸೀದಾ ಸರ್ವರ್‌ನಿಂದ ಗ್ರಾಹಕನಿಗೆ. ಕೇಳುವ ಪ್ಯಾಕೆಟ್ ಚಿಕ್ಕದು, ಉತ್ತರ ದೊಡ್ಡದು. ಹಾಗಾಗಿ ಬಾಗಿಲಲ್ಲಿ ನಿಂತವರಿಗೆ ಭಾರ ಕಮ್ಮಿ. ವಿಕಿಪೀಡಿಯದವರು ವರ್ಷಗಟ್ಟಲೆ ಇದನ್ನೇ ನೆಚ್ಚಿಕೊಂಡಿದ್ದರು. ಕನ್ನಡ ವಿಕಿಪೀಡಿಯದ ಪುಟ ತೆರೆಯುವಾಗ ನೀವೂ ಈ ಬಾಗಿಲು ದಾಟಿರುತ್ತೀರಿ.

ಬೀಗದ ಸಮಸ್ಯೆಗೆ ದೊಡ್ಡ ಪ್ರಚಾರ ಸಿಕ್ಕಿದ್ದು 1999ರಲ್ಲಿ, ಅದೂ ಅವಮಾನದ ರೂಪದಲ್ಲಿ. ಮೈಂಡ್‌ಕ್ರಾಫ್ಟ್ ಅನ್ನೋ ಸಂಸ್ಥೆ ಏಪ್ರಿಲ್‌ನಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್ ಇದ್ದ ಒಂದೇ ಮಷೀನ್ ಮೇಲೆ ವಿಂಡೋಸ್ ಎನ್‌ಟಿ ಮತ್ತು ಲಿನಕ್ಸ್. ಫೈಲ್ ಸರ್ವರ್ ಆಗಿ ಎನ್‌ಟಿ 2.5 ಪಟ್ಟು, ವೆಬ್ ಸರ್ವರ್ ಆಗಿ 3.7 ಪಟ್ಟು ಮುಂದೆ. ಪರೀಕ್ಷೆಗೆ ದುಡ್ಡು ಕೊಟ್ಟಿದ್ದು ಮೈಕ್ರೋಸಾಫ್ಟ್ ಅಂತ ಗೊತ್ತಾದಾಗ ಲಿನಕ್ಸ್ ಅಭಿಮಾನಿಗಳು ಕೆಂಡವಾದರು. ಜೂನ್‌ನಲ್ಲಿ ಲಿನಕ್ಸ್ ಕಡೆಯವರನ್ನು ಕೂರಿಸಿಕೊಂಡೇ ಮತ್ತೆ ಪರೀಕ್ಷೆ ಮಾಡಿದರು. ಆಗಲೂ ಎನ್‌ಟಿಯೇ ಗೆದ್ದಿತು.

ಬೈದು ಮುಗಿದ ಮೇಲೆ ಕೋಡ್ ನೋಡಿದವರಿಗೆ ಕಾರಣ ಕಾಣಿಸಿತು. ಆಗಿನ 2.2 ಕರ್ನಲ್‌ನಲ್ಲಿ ಬಂದ ಪ್ಯಾಕೆಟ್‌ಗಳನ್ನು ಸಂಭಾಳಿಸುವ ಭಾಗ ಇಡೀ ಮಷೀನ್‌ನಲ್ಲಿ ಒಂದು ಸಲಕ್ಕೆ ಒಂದೇ ಪ್ರೊಸೆಸರ್ ಮೇಲೆ ಓಡುತ್ತಿತ್ತು. ನಾಲ್ಕು ಕಾರ್ಡ್, ನಾಲ್ಕು ಪ್ರೊಸೆಸರ್, ಸೌಟು ಮಾತ್ರ ಅದೇ ಒಂದು. ಅಲೆಕ್ಸೆ ಕುಜ್ನೆತ್ಸೊವ್, ಡೇವಿಡ್ ಮಿಲ್ಲರ್ ಮೊದಲಾದವರು ಆ ಭಾಗವನ್ನು ತಿದ್ದಿ ಬರೆದರು. 2001ರ ಜನವರಿಯಲ್ಲಿ 2.4 ಬಂದಾಗ ಎಲ್ಲ ಪ್ರೊಸೆಸರ್‌ಗಳೂ ಒಟ್ಟೊಟ್ಟಿಗೆ ಪ್ಯಾಕೆಟ್ ತೆಗೆದುಕೊಳ್ಳಬಲ್ಲವಾಗಿದ್ದವು. ದುಡ್ಡು ಯಾರೇ ಕೊಟ್ಟಿರಲಿ, ತೋರಿಸಿದ ತಪ್ಪು ನಿಜವಾಗಿತ್ತು.

2003ರ ಕೊನೆಗೆ ಐಪಿವಿಎಸ್ ಕರ್ನಲ್‌ನ ಮುಖ್ಯ ಕೋಡ್‌ಗೆ ಸೇರಿಕೊಂಡಿತ್ತು. ಅದರೊಳಗೂ ಬೀಗಗಳಿದ್ದವು, ಆದರೆ ಸ್ವಲ್ಪ ಹಂಚಿಕೊಂಡು. ಸರ್ವಿಸ್‌ಗಳ ಪಟ್ಟಿಗೆ ಒಂದು. ಚಾಲ್ತಿಯಲ್ಲಿರುವ ಕನೆಕ್ಷನ್‌ಗಳ ಟೇಬಲ್‌ಗೆ ಕೆಲವು. ಮಾಮೂಲಿಯಾಗಿ 4096 ಖಾನೆಗಳ ಆ ಟೇಬಲ್ಲನ್ನು ಆ ಕೆಲವೇ ಬೀಗಗಳು ಹಂಚಿಕೊಂಡು ಕಾಯುತ್ತಿದ್ದವು. ಎಷ್ಟು ಪ್ಯಾಕೆಟ್, ಎಷ್ಟು ಬೈಟ್ ಬಂತು ಅಂತ ಎಣಿಸುವ ಲೆಕ್ಕಕ್ಕೆ ಇನ್ನೊಂದು.

ಪಟ್ಟಿಯ ಬೀಗ 'ರೀಡ್-ರೈಟ್' ಜಾತಿಯದು. ಓದುವವರು ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಬರೆಯುವವನು ಬಂದಾಗ ಮಾತ್ರ ಎಲ್ಲರೂ ಹೊರಗೆ. ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಆದರೆ ಇಲ್ಲೊಂದು ಕಿತಾಪತಿ ಇದೆ, ಇದು ಅರ್ಥವಾದಾಗ ನನಗೆ ಸಣ್ಣ ಶಾಕ್ ಆಗಿತ್ತು. 'ನಾನು ಓದ್ತಾ ಇದ್ದೀನಿ' ಅಂತ ಹೇಳೋಕೂ ಬೀಗದ ಮೇಲಿನ ಎಣಿಕೆಯನ್ನು ಒಂದು ಹೆಚ್ಚಿಸಬೇಕು. ಅಂದರೆ ಓದುವವನೂ ಬರೆಯುತ್ತಾನೆ! ಒಂದು ಕೋರ್ ಆ ಎಣಿಕೆ ಬದಲಿಸಿದ ಕೂಡಲೇ ಉಳಿದ ಕೋರ್‌ಗಳ ಕ್ಯಾಶ್‌ನಲ್ಲಿರುವ ಪ್ರತಿ ಹಳಸಿಹೋಗುತ್ತದೆ. ಮತ್ತೆ ತರಿಸಿಕೊಳ್ಳಬೇಕು. ಪ್ರತಿ ಪ್ಯಾಕೆಟ್‌ಗೂ ಹೀಗೆ. ಪಟ್ಟಿ ದಿನವಿಡೀ ಬದಲಾಗದಿದ್ದರೂ ಅದರ ಬೀಗ ಮಾತ್ರ ಕೋರ್‌ನಿಂದ ಕೋರ್‌ಗೆ ಚೆಂಡಿನ ಹಾಗೆ ಹಾರುತ್ತಲೇ ಇರುತ್ತದೆ. ಕೋರ್ ಹೆಚ್ಚಾದಷ್ಟೂ ಹಾರಾಟ ಹೆಚ್ಚು.

ಇದಕ್ಕೆ ಮದ್ದು ಆಗಲೇ ಸಿದ್ಧವಾಗಿತ್ತು. 1990ರ ದಶಕದಲ್ಲಿ ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ರೂಪಿಸಿದ 'ರೀಡ್-ಕಾಪಿ-ಅಪ್‌ಡೇಟ್', ಚಿಕ್ಕದಾಗಿ ಆರ್‌ಸಿಯು. ಮತ್ತೆ ಛತ್ರದ ಬಾಗಿಲಿಗೆ ಬನ್ನಿ. ಯಾವ ಸಾಲಲ್ಲಿ ಯಾರು ಕೂರಬೇಕು ಅಂತ ಒಂದು ಚೀಟಿ ಅಂಟಿಸಿದ್ದಾರೆ. ಬದಲಾಯಿಸಬೇಕು. ಎಲ್ಲರನ್ನೂ ತಡೆದು ನಿಲ್ಲಿಸಿ ತಿದ್ದುವ ಬದಲು, ಪಕ್ಕದಲ್ಲಿ ಕೂತು ಹೊಸ ಚೀಟಿ ಬರೆದು, ಬೋರ್ಡ್ ಮೇಲೆ ಹಳೆಯದರ ಜಾಗಕ್ಕೆ ಹಾಕಿಬಿಡಿ. ಹೊಸದಾಗಿ ಬರುವವರು ಹೊಸದನ್ನು ಓದುತ್ತಾರೆ. ಹಳೆಯ ಚೀಟಿ ಕೈಯಲ್ಲಿ ಹಿಡಿದು ಓದುತ್ತಿರುವವರು ಆರಾಮವಾಗಿ ಓದಿ ಮುಗಿಸಲಿ. ಅವರೆಲ್ಲ ಹೋದ ಮೇಲೆ ಹಳೆಯದನ್ನು ಹರಿದು ಹಾಕಿ. ಓದುವವರು ಯಾರಿಗೂ ಏನೂ ಹೇಳಬೇಕಿಲ್ಲ, ಎಲ್ಲೂ ಕಾಯಬೇಕಿಲ್ಲ. ಕಾಯಬೇಕಾದವನು ಬದಲಾಯಿಸುವವನು ಮಾತ್ರ.

1999ರಲ್ಲಿ ಸೀಕ್ವೆಂಟನ್ನು ಐಬಿಎಂ ಕೊಂಡಿತು. 2002ರ ಅಕ್ಟೋಬರ್‌ನಲ್ಲಿ ಆರ್‌ಸಿಯು ಲಿನಕ್ಸ್ ಸೇರಿತು. ಅದನ್ನು ಲಿನಕ್ಸ್‌ಗೆ ಒಗ್ಗಿಸಿ ಬರೆದವರಲ್ಲಿ ಪ್ರಮುಖರು ಐಬಿಎಂನ ಬೆಂಗಳೂರು ತಂಡದ ದೀಪಂಕರ್ ಸರ್ಮಾ. ಜೊತೆಗೆ ಮನೀಶ್ ಸೋನಿ. ಇವತ್ತು ಜಗತ್ತಿನ ಪ್ರತಿ ಆಂಡ್ರಾಯ್ಡ್ ಫೋನ್‌ನೊಳಗೂ ಓಡುತ್ತಿರುವ ಈ ವ್ಯವಸ್ಥೆಗೆ ನಮ್ಮೂರಿನಲ್ಲಿ ಕೂತವರ ಕೈ ತಗುಲಿದೆ. ನಾವು ಮಾತ್ರ 'ಬೆಂಗಳೂರಲ್ಲಿ ಬರೀ ಸರ್ವಿಸ್ ಕೆಲಸ' ಅಂತ ಹೇಳಿಕೊಂಡು ತಿರುಗ್ತೀವಿ.

ಮದ್ದು ಬಂದ ಕೂಡಲೇ ಐಪಿವಿಎಸ್‌ಗೆ ಹಾಕಿದರೇ? ಇಲ್ಲ. ಇನ್ನೂ ಹತ್ತು ವರ್ಷ ಹಿಡಿಯಿತು. ಬೀಗ ಇದ್ದಾಗ ಒಂದು ಸರ್ವಿಸನ್ನು ಅಳಿಸುವುದು ಸುಲಭ: ಬೀಗ ಹಾಕು, ಅಳಿಸು, ತೆಗೆ. ಬೀಗ ಇಲ್ಲ ಅಂದಮೇಲೆ, ಅಳಿಸುವ ಕ್ಷಣದಲ್ಲಿ ಇದನ್ನು ಇನ್ಯಾರು ಹಿಡಿದಿದ್ದಾರೆ ಅನ್ನೋ ಪ್ರಶ್ನೆಗೆ ಕೋಡ್‌ನ ಪ್ರತಿ ಮೂಲೆಯಲ್ಲೂ ಉತ್ತರ ಬೇಕು. ಒಂದು ಕಡೆ ತಪ್ಪಿದರೂ ಮಷೀನ್ ಕುಸಿದು ಬೀಳುತ್ತದೆ, ಅದೂ ಮೂರು ತಿಂಗಳಿಗೊಮ್ಮೆ, ರಾತ್ರಿ ಎರಡು ಗಂಟೆಗೆ.

ಆ ಕೆಲಸ ಎರಡು ಕಂತಿನಲ್ಲಿ ನಡೆಯಿತು. 2011ರಲ್ಲಿ ಹಾನ್ಸ್ ಶಿಲ್‌ಸ್ಟ್ರೋಮ್ ಲೆಕ್ಕದ ಬೀಗ ತೆಗೆದರು. ಪ್ರತಿ ಪ್ಯಾಕೆಟ್‌ಗೂ ಬೀಗ ಹಾಕಿ ಒಂದೇ ಎಣಿಕೆ ಹೆಚ್ಚಿಸುವ ಬದಲು ಪ್ರತಿ ಕೋರ್‌ಗೂ ಅದರದೇ ಎಣಿಕೆ ಕೊಟ್ಟರು. ಮದುವೆಯಲ್ಲಿ ಎಲೆ ಲೆಕ್ಕ ಇಡೋಕೆ ಎಲ್ಲರೂ ಒಂದೇ ನೋಟ್‌ಬುಕ್‌ಗೆ ಕಿತ್ತಾಡುವ ಬದಲು ಪ್ರತಿ ಪಂಕ್ತಿಗೂ ಒಂದು ನೋಟ್‌ಬುಕ್ ಕೊಟ್ಟ ಹಾಗೆ. 2013ರಲ್ಲಿ ಬಲ್ಗೇರಿಯಾದ ಜೂಲಿಯನ್ ಅನಾಸ್ತಾಸೊವ್ ಉಳಿದಿದ್ದಕ್ಕೆ ಕೈ ಹಾಕಿದರು. ಕನೆಕ್ಷನ್ ಟೇಬಲ್, ಸರ್ವಿಸ್ ಪಟ್ಟಿ, ಸರ್ವರ್ ಆರಿಸುವ ಒಂದೊಂದು ಶೆಡ್ಯೂಲರ್, ಹೀಗೆ ಸಣ್ಣ ಸಣ್ಣ ಪ್ಯಾಚ್‌ಗಳ ಉದ್ದ ಸಾಲಿನಲ್ಲಿ ಎಲ್ಲವನ್ನೂ ಆರ್‌ಸಿಯುಗೆ ದಾಟಿಸಿದರು. ಅದೇ ವರ್ಷದ ಜೂನ್ ಕೊನೆಗೆ ಬಂದ 3.10 ಕರ್ನಲ್‌ನಲ್ಲಿ, ಪ್ಯಾಕೆಟ್ ಒಂದು ಬಂದು ತನ್ನ ಸರ್ವಿಸ್ ಹುಡುಕುವ ದಾರಿಯಲ್ಲಿ ಆ ಹಳೆಯ ಬೀಗ ಇರಲಿಲ್ಲ.

ಇಲ್ಲಿಗೆ ಕಥೆ ಸುಖಾಂತ್ಯ ಆಗಬೇಕಿತ್ತು. ಆದರೆ ನನ್ನ ಎರಡು ಸೆಕೆಂಡಿನ ಉಬ್ಬು ಇನ್ನೂ ಬಾಕಿ ಇದೆ.

ಕೋರ್‌ಗೊಂದು ನೋಟ್‌ಬುಕ್ ಕೊಟ್ಟಾಯಿತು. ಒಟ್ಟು ಎಷ್ಟು ಎಲೆ ಅಂತ ಅಡುಗೆಯವರಿಗೆ ಹೇಳಬೇಕಲ್ಲ? ಯಾರೋ ಒಬ್ಬರು ಎಲ್ಲ ಪಂಕ್ತಿಗೂ ಹೋಗಿ ಕೂಡಿಸಿಕೊಂಡು ಬರಬೇಕು. ಐಪಿವಿಎಸ್‌ನಲ್ಲಿ ಆ ಕೆಲಸ ಮಾಡುವುದು 'ಎಸ್ಟಿಮೇಟರ್'. ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಬರುತ್ತಿದೆ ಅನ್ನೋ ದರವನ್ನು ಅದು ಲೆಕ್ಕ ಹಾಕುತ್ತದೆ, ಎರಡು ಸೆಕೆಂಡಿಗೊಮ್ಮೆ. ಒಂದೇ ಟೈಮರ್, ಒಂದೇ ಕೋರ್, ಒಂದೇ ಬೀಗ ಹಿಡಿದು, ಪೂರ್ತಿ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಸುತ್ತುತ್ತಿತ್ತು. ಹತ್ತಿಪ್ಪತ್ತು ಸರ್ವಿಸ್ ಇರುವ ಕಾಲಕ್ಕೆ ಇದು ಯಾರ ಕಣ್ಣಿಗೂ ಬೀಳಲಿಲ್ಲ. 2018ರಲ್ಲಿ ಕುಬರ್ನೆಟಿಸ್ 1.11 ಬಂದಾಗ ಐಪಿವಿಎಸ್ ಬಳಸುವ ವಿಧಾನ ಅದರಲ್ಲಿ ಪಕ್ಕಾ ಆಯಿತು. ಆಮೇಲೆ ಒಂದೊಂದು ಮಷೀನ್‌ನಲ್ಲೂ ಸಾವಿರಾರು ಸರ್ವಿಸ್, ಪ್ರತಿಯೊಂದರ ಹಿಂದೆ ಹಲವು ಸರ್ವರ್. ಇವು ಒಟ್ಟು 10,000 ಅಂದುಕೊಳ್ಳಿ, ಮಷೀನ್‌ನಲ್ಲಿ 64 ಕೋರ್. ನೋಡಬೇಕಾದ ನೋಟ್‌ಬುಕ್ 6,40,000. ಅದು ಮುಗಿಯುವವರೆಗೆ ಆ ಕೋರ್‌ಗೆ ಬಂದ ಪ್ಯಾಕೆಟ್‌ಗಳು ಕಾಯಬೇಕು. ನಾವು 128 ಕೋರ್‌ನ ಮಷೀನ್ ಹಾಕಿದರೆ? ನೋಟ್‌ಬುಕ್ ದುಪ್ಪಟ್ಟು.

ಮ್ಯಾನೇಜರ್ ಹೇಳಿದ ಔಷಧಿಯೇ ಕಾಯಿಲೆ ಹೆಚ್ಚಿಸಿದ್ದು ಹೀಗೆ. ಇನ್ನೂ ಮಜಾ ಅಂದರೆ, 2011ರಲ್ಲಿ ಪ್ಯಾಕೆಟ್‌ನ ದಾರಿಯಿಂದ ತೆಗೆದ ಕಾಯುವಿಕೆಯೇ ಹತ್ತು ವರ್ಷದ ಮೇಲೆ ಕೂಡಿಸುವವನ ಬೆನ್ನೇರಿ ವಾಪಸ್ ಬಂದಿತ್ತು. ಆಗ ಮಾಡಿದ್ದು ತಪ್ಪಾ? ಖಂಡಿತ ಅಲ್ಲ. ಕೋಟಿಗಟ್ಟಲೆ ಪ್ಯಾಕೆಟ್‌ಗಳು ಒಂದೊಂದಾಗಿ ಕಾಯುವುದಕ್ಕಿಂತ ಎರಡು ಸೆಕೆಂಡಿಗೊಮ್ಮೆ ಒಬ್ಬ ಓಡಾಡುವುದು ಎಷ್ಟೋ ವಾಸಿ. ಆದರೆ ಕಾಯುವಿಕೆ ಮಾಯವಾಗಿರಲಿಲ್ಲ, ಯಾರೂ ನೋಡದ ಮೂಲೆಗೆ ಹೋಗಿ ಕೂತಿತ್ತು.

ಎಸ್ಟಿಮೇಟರನ್ನು ಪೂರ್ತಿ ಆಫ್ ಮಾಡುವ ಸ್ವಿಚ್ ಒಂದನ್ನು 2021ರಲ್ಲಿ ಸೇರಿಸಿದರು. ಸರಿಯಾದ ಪರಿಹಾರ ಬರೆದಿದ್ದು ಮತ್ತೆ ಅನಾಸ್ತಾಸೊವ್, 2022ರಲ್ಲಿ. ಟೈಮರ್ ತೆಗೆದು ಆ ಕೆಲಸವನ್ನು ಕರ್ನಲ್ ಥ್ರೆಡ್‌ಗಳಿಗೆ ಕೊಟ್ಟರು. ಎರಡು ಸೆಕೆಂಡನ್ನು 40 ಮಿಲಿಸೆಕೆಂಡ್‌ನ 50 ತುಂಡು ಮಾಡಿ, ಪ್ರತಿ ತುಂಡಿನಲ್ಲಿ ಪಟ್ಟಿಯ ಒಂದು ಪಾಲು ಮಾತ್ರ. ಈ ಥ್ರೆಡ್‌ಗಳು ಯಾವ ಕೋರ್‌ಗಳಲ್ಲಿ ಓಡಬೇಕು ಅಂತಲೂ ನಾವೇ ಹೇಳಬಹುದು. ಇದು 2023ರ ಫೆಬ್ರವರಿಯ 6.2 ಕರ್ನಲ್‌ನಲ್ಲಿ ಬಂತು. ಗಮನಿಸಿ, ಕೂಡಿಸುವ ಕೆಲಸ ಒಂದು ಚೂರೂ ಕಮ್ಮಿಯಾಗಿಲ್ಲ. ಯಾರಿಗೂ ನೋವಾಗದ ಹಾಗೆ ಹರಡಿದ್ದಾರೆ ಅಷ್ಟೇ.

ಐಪಿವಿಎಸ್ಸನ್ನೇ ಬಿಟ್ಟು ಹೋದವರೂ ಇದ್ದಾರೆ. ಮೊದಲು ಐಪಿವಿಎಸ್ ಬಳಸುತ್ತಿದ್ದ ಫೇಸ್‌ಬುಕ್ 2018ರಲ್ಲಿ ಕಟ್ರಾನ್ ಅನ್ನೋ ತನ್ನದೇ ಲೋಡ್ ಬ್ಯಾಲೆನ್ಸರನ್ನು ಎಲ್ಲರಿಗೂ ತೆರೆದಿಟ್ಟಿತು. ಅಲ್ಲೂ ಅದೇ ಲೆಕ್ಕಾಚಾರ: ಕೋರ್‌ಗಳು ಒಂದನ್ನೊಂದು ಕೇಳದ ಹಾಗೆ ಪ್ರತಿಯೊಂದಕ್ಕೂ ಬೇರೆ ಟೇಬಲ್. ಬೀಗದ ಬದಲು ಮೆಮೊರಿ ಕೊಟ್ಟು ಕೊಂಡುಕೊಂಡ ನೆಮ್ಮದಿ.

ನಮ್ಮ ಕಥೆಗೆ ಬಂದರೆ, ಹೊಸ ಕರ್ನಲ್‌ಗೆ ಹೋಗೋಕೆ ತಿಂಗಳುಗಟ್ಟಲೆ ಅನುಮತಿ ಬೇಕಿತ್ತು. ಅಲ್ಲಿವರೆಗೆ ಆ ಸ್ವಿಚ್ ಆಫ್ ಮಾಡೋಣ ಅಂತ ತೀರ್ಮಾನಿಸಿದೆವು. ಮಾಡಿದ ಕೂಡಲೇ ಉಬ್ಬುಗಳು ಮಂಗಮಾಯ. ಗ್ರಾಫ್ ಚಪಾತಿ ಥರ ಚಪ್ಪಟೆ. ಮ್ಯಾನೇಜರ್ ಎಲ್ಲರಿಗೂ ಕಾಫಿ ಕೊಡಿಸಿದರು.

ಮಾರನೇ ದಿನ ಬೆಳಿಗ್ಗೆ ಇನ್ನೊಂದು ಟೀಮಿನ ಹುಡುಗ ನಮ್ಮ ಡೆಸ್ಕ್ ಹತ್ತಿರ ಬಂದು ನಿಂತ. ಟ್ರಾಫಿಕ್ ನೋಡಿ ಸರ್ವರ್ ಹೆಚ್ಚು ಕಮ್ಮಿ ಮಾಡೋದು ಅವರ ಕೆಲಸ, ಅದಕ್ಕೆ ಅವರು ನೋಡುತ್ತಿದ್ದಿದ್ದು ಇದೇ ಎಸ್ಟಿಮೇಟರ್ ಕೊಡುತ್ತಿದ್ದ ದರ. "ಸರ್, ನಿನ್ನೆ ರಾತ್ರಿಯಿಂದ ನಮ್ಮ ಡ್ಯಾಶ್‌ಬೋರ್ಡ್ ಯಾಕೋ ಕೆಲಸಕ್ಕೆ ಬರ್ತಿಲ್ಲ. ನೀವೇನಾದ್ರೂ ಬದಲಾಯಿಸಿದ್ರಾ?"

"ಕೂತ್ಕೋ," ಅಂದೆ. "ಸ್ವಲ್ಪ ಉದ್ದದ ಕಥೆ."