ಹಲವು ತಂತಿ, ಒಂದು ಮಾತು

ನಾನು ಚಿಕ್ಕವನಾಗಿದ್ದಾಗ ಬಿಳಗಿಯ ನಮ್ಮ ಮನೆಯ ಜಗುಲಿಯಲ್ಲಿ ಒಂದು ರೇಡಿಯೋ ಇತ್ತು. ಧಾರವಾಡ ನಿಲಯ 1950ರ ಜನವರಿ 8ರಂದು ಹುಟ್ಟಿದುದು. ಭದ್ರಾವತಿ ನಿಲಯ 1965ರಲ್ಲಿ ಬಂದುದು. ನಮ್ಮ ಊರು ಎರಡಕ್ಕೂ ದೂರ. ಬೆಳಗಿನ ಕನ್ನಡ ವಾರ್ತೆಯನ್ನು ದೆಹಲಿಯಲ್ಲಿ ಓದುತ್ತಿದ್ದರು, ಎರಡೂ ನಿಲಯಗಳು ಅದನ್ನು ಮರುಪ್ರಸಾರ ಮಾಡುತ್ತಿದ್ದುವು. ಮಳೆಗಾಲದ ಗುಡುಗಿನಲ್ಲಿ ಧಾರವಾಡ ಗರಗರ ಎಂದೊಡನೆ ನಮ್ಮ ತಂದೆಯವರು ಮುಳ್ಳನ್ನು ಭದ್ರಾವತಿಗೆ ತಿರುಗಿಸುವರು. ನಡುವೆ ಒಂದೆರಡು ವಾಕ್ಯ ನಷ್ಟವಾಗುವುದು, ವಾರ್ತೆ ಮಾತ್ರ ಮುಂದುವರಿಯುವುದು.

ಒಂದೇ ಮಾತಿಗೆ ಎರಡು ದಾರಿ ಇಟ್ಟುಕೊಳ್ಳುವ ಈ ಉಪಾಯವನ್ನು ಈಗ ನಮ್ಮ ಮನೆಯ ಅಟ್ಟದ ಮೇಲಿರುವ ಒಂದು ಸಣ್ಣ ಪೆಟ್ಟಿಗೆ ತಾನಾಗಿಯೇ ಮಾಡುತ್ತದೆ. ಅದಕ್ಕೆ ರೂಟರ್ ಎಂದು ಹೆಸರು. ಅದರ ಬೆನ್ನಿಗೆ ಇಂಟರ್ನೆಟ್ಟಿನ ಎರಡು ಸಂಪರ್ಕಗಳು ಬಂದು ಸೇರಿವೆ. ಈ ಕೂಡಿಕೆಯ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದು ಹೊರಟಿದ್ದೇನೆ.

ಬಿಳಗಿ ಎಂದೊಡನೆ ಬಾಗಲಕೋಟೆ ಜಿಲ್ಲೆಯ ಬೀಳಗಿಯನ್ನು ನೆನೆಯುವವರೇ ಹೆಚ್ಚು. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಬಿಳಗಿ. ಶ್ವೇತಪುರವೆಂದು ಕರೆಯಿಸಿಕೊಂಡು ಒಂದು ಕಾಲಕ್ಕೆ ಅರಸುಮನೆತನವೊಂದರ ರಾಜಧಾನಿಯಾಗಿದ್ದ ಊರು. ರತ್ನತ್ರಯ ಬಸದಿಯೂ ಗೋಲಬಾವಿಯೂ ಇಂದಿಗೂ ಇವೆ. ಘಟ್ಟದ ಮೇಲಿನ ಈ ಸೀಮೆಯ ಮೆಣಸು ಅಡಕೆಗಳು ಹೊನ್ನಾವರದ ಕಡೆಗೂ ಇಳಿದುವು, ಕುಮಟೆಯ ಕಡೆಗೂ ಇಳಿದುವು. ಮಳೆಗೆ ಒಂದು ಘಟ್ಟ ಕಟ್ಟಿದರೆ ಇನ್ನೊಂದನ್ನು ನೋಡಬೇಕೆಂಬ ಬುದ್ಧಿಯನ್ನು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಆದರೆ ತಂತಿಯ ಚರಿತ್ರೆ ಮೊದಲು ನಡೆದುದು ಇದಕ್ಕೆ ತೀರ ವಿರುದ್ಧವಾದ ದಿಕ್ಕಿನಲ್ಲಿ. ತಂತಿ ದುಬಾರಿಯ ವಸ್ತು. ಸಾವಿರಾರು ಕಂಬ ನೆಟ್ಟು ಎಳೆದ ಒಂದು ಎಳೆಯಲ್ಲಿ ಎಷ್ಟು ಸುದ್ದಿಗಳನ್ನು ತುರುಕಬಹುದು ಎಂಬುದೇ ಆಗಿನ ಚಿಂತೆ. 1874ರಲ್ಲಿ ಎಡಿಸನ್ ಒಂದೇ ತಂತಿಯಲ್ಲಿ ಅತ್ತ ಎರಡು, ಇತ್ತ ಎರಡು, ಹೀಗೆ ನಾಲ್ಕು ತಾರುಗಳನ್ನು ಏಕಕಾಲಕ್ಕೆ ಕಳುಹಿಸಿ ತೋರಿಸಿದನು. ಟೆಲಿಫೋನು ಬಂದ ಮೇಲೂ ಅದೇ ಹಾದಿ: ಒಂದು ತಂತಿ, ಹಲವು ಮಾತು.

ಹಲವು ದಾರಿ, ಒಂದು ಮಾತು ಎಂಬ ತಿರುವಿಗೆ ಒಳ್ಳೆಯ ಉದಾಹರಣೆ ಸಿಕ್ಕುವುದು ರೇಡಿಯೋದಲ್ಲಿಯೇ ಎಂದರೆ ತಮಗೆ ಸಂತೋಷವಾದೀತು. ಕಿರು ಅಲೆಗಳಲ್ಲಿ ಸಾಗರ ದಾಟಿ ಬರುವ ಧ್ವನಿ ಏರುತ್ತದೆ, ಕುಗ್ಗುತ್ತದೆ, ಕೆಲವು ಕ್ಷಣ ಮಾಯವೇ ಆಗುತ್ತದೆ. ಅಮೆರಿಕದ ರೇಡಿಯೋ ಕಾರ್ಪೊರೇಷನ್ನಿನ ಹೆರಾಲ್ಡ್ ಬೆವರೇಜ್, ಹೆರಾಲ್ಡ್ ಪೀಟರ್ಸನ್ ಎಂಬ ಎಂಜಿನಿಯರುಗಳು ಒಂದು ವಿಷಯವನ್ನು ಆಧಾರವಾಗಿ ಹಿಡಿದರು: ಒಂದು ಸ್ಥಳದಲ್ಲಿ ಧ್ವನಿ ಕುಗ್ಗಿದ ಕ್ಷಣದಲ್ಲಿಯೇ ಸ್ವಲ್ಪ ದೂರದ ಇನ್ನೊಂದು ಸ್ಥಳದಲ್ಲಿ ಅದು ಕುಗ್ಗಿರುವುದಿಲ್ಲ. ಆಂಟೆನಾಗಳನ್ನು ದೂರ ದೂರ ನೆಟ್ಟು, ಅವುಗಳ ಫಲವನ್ನು ಒಂದುಗೂಡಿಸುವ ವ್ಯವಸ್ಥೆಯನ್ನು ಅವರು 1931ರಲ್ಲಿ ಪ್ರಕಟಿಸಿದರು. ದೂರ ದೂರ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಒತ್ತಟ್ಟಿಗೆ ನೆಟ್ಟ ಎರಡು ಆಂಟೆನಾಗಳು ಒಟ್ಟಿಗೇ ಕುಗ್ಗುತ್ತವೆ.

1964ರಲ್ಲಿ ಅದೇ ದೇಶದ ರ‍್ಯಾಂಡ್ ಸಂಸ್ಥೆಯ ಪಾಲ್ ಬ್ಯಾರನ್, ಯುದ್ಧದಲ್ಲಿ ಅರ್ಧ ಹಾಳಾದರೂ ಮಾತನಾಡಬಲ್ಲ ಜಾಲ ಹೇಗಿರಬೇಕೆಂದು ಲೆಕ್ಕ ಹಾಕಿದನು. ಎಲ್ಲ ಕೇಂದ್ರಗಳನ್ನು ಬರಿದೆ ಜೋಡಿಸಲು ಎಷ್ಟು ಕೊಂಡಿ ಬೇಕೋ ಅದರ ಮೂರು ನಾಲ್ಕು ಪಟ್ಟು ಇದ್ದರೆ ಸಾಕು, ಜಾಲ ಬಹುಮಟ್ಟಿಗೆ ಉಳಿಯುತ್ತದೆ ಎಂಬುದು ಅವನ ಉತ್ತರ. ಸುದ್ದಿಯನ್ನು ಸಣ್ಣ ತುಂಡುಗಳಾಗಿ ಒಡೆದು, ತುಂಡುಗಳು ದಾರಿ ಸಿಕ್ಕತ್ತ ಹೋಗಲಿ ಎಂದನು. ಇಂದಿನ ಇಂಟರ್ನೆಟ್ಟಿನಲ್ಲಿ ಓಡಾಡುವ ಪ್ಯಾಕೆಟ್ಟುಗಳು ಇಂಥ ತುಂಡುಗಳೇ. ಆದರೆ ಇದೆಲ್ಲ ಊರೂರುಗಳ ನಡುವಣ ಮಾತು. ನಮ್ಮ ಮನೆಯ ಹೊಸ್ತಿಲಿಗೆ ಬರುವ ಕೊನೆಯ ಎಳೆ ಒಂದೇ ಒಂದಾಗಿ ಉಳಿಯಿತು.

ಎರಡು ಎಳೆಗಳನ್ನು ಕೂಡಿಸುವುದರಲ್ಲಿ ತೊಡಕೇನು ಎಂದು ತಾವು ಕೇಳಬಹುದು. ನಮ್ಮ ಸೀಮೆಯ ಮನೆಗಳಿಗೆ ಗುಡ್ಡದ ಅಬ್ಬಿಯ ನೀರನ್ನು ಅಡಕೆಯ ದಬ್ಬೆಯಲ್ಲಿ ಹಾಯಿಸಿ ತರುತ್ತಿದ್ದುದುಂಟು. ಎರಡು ಅಬ್ಬಿಗಳ ನೀರನ್ನು ಒಂದೇ ತೊಟ್ಟಿಗೆ ಬಿಟ್ಟರೆ ನೀರು ಬೆರೆಯಿತು, ಕೆಲಸ ಮುಗಿಯಿತು. ನೀರಿನ ಹನಿಗೆ ಹಿಂದು ಮುಂದಿಲ್ಲ. ಮಾತಿಗೆ ಉಂಟು. ವಾಕ್ಯದ ಮೊದಲ ಪದವನ್ನು ನಿಧಾನದ ದಾರಿಯಲ್ಲಿಯೂ ಎರಡನೆಯ ಪದವನ್ನು ವೇಗದ ದಾರಿಯಲ್ಲಿಯೂ ಕಳುಹಿಸಿದರೆ ಎರಡನೆಯದು ಮೊದಲು ತಲಪಿ ಅನರ್ಥವಾಗುವುದು. ಆದುದರಿಂದ ತುಂಡು ತುಂಡಿಗೂ ಕ್ರಮಸಂಖ್ಯೆ ಹಚ್ಚಬೇಕು; ಆ ಕೊನೆಯಲ್ಲಿ ಒಬ್ಬನು ಕುಳಿತು ಸಂಖ್ಯೆಯಂತೆ ಜೋಡಿಸಬೇಕು; ಹಿಂದುಳಿದ ತುಂಡಿಗಾಗಿ ಮುಂದೆ ಬಂದ ತುಂಡು ಕಾಯಬೇಕು.

ಇದನ್ನು ಕ್ರಮಬದ್ಧವಾಗಿ ಮಾಡಿದುದು 1990ರ ದಶಕದಲ್ಲಿ. ಆಗ ಐಎಸ್‌ಡಿಎನ್ ಎಂಬ ಟೆಲಿಫೋನು ಪದ್ಧತಿಯಲ್ಲಿ ಒಂದು ಮನೆಗೆ ಸೆಕೆಂಡಿಗೆ 64 ಕಿಲೋಬಿಟ್ಟಿನ ಎರಡು ಹಾದಿಗಳು ಬರುತ್ತಿದ್ದುವು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಕೀತ್ ಸ್ಕ್ಲೋವರ್ ಮೊದಲಾದವರು 1994ರಲ್ಲಿ ಎರಡನ್ನೂ 128 ಆಗಿ ಕೂಡಿಸುವ ನಿಯಮಾವಳಿಯನ್ನು ಬರೆದರು, 1996ರಲ್ಲಿ ತಿದ್ದಿದರು. ಮೇಲೆ ಹೇಳಿದ ಕ್ರಮಸಂಖ್ಯೆಯೇ ಅದರ ಜೀವಾಳ. ಅದೇ 1994ರಲ್ಲಿ ನಾಸಾದ ಗೊಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಇಬ್ಬರೂ 16 ಅಗ್ಗದ ಗಣಕಯಂತ್ರಗಳನ್ನು ಕಟ್ಟಿ ದೊಡ್ಡ ಯಂತ್ರದ ಕೆಲಸ ಮಾಡಿಸಿದರಷ್ಟೆ. ನಡುವಿನ ತಂತಿ ಸಾಲದೆ ಹೋದಾಗ ತಂತಿಗಳನ್ನು ಜೋಡಿಸಿ ಒಂದಾಗಿ ಬಳಸಿದರು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ದೊರೆತುದು ಇದಾದ ಮೇಲೆ, 1995ರ ಆಗಸ್ಟ್ 15ರಂದು, ಮಹಾನಗರಗಳಲ್ಲಿ. ಬಿಳಗಿಗೆ ಇನ್ನೂ ಬಹಳ ತಡ.

ಐಎಸ್‌ಡಿಎನ್‌ನಲ್ಲಿ ಒಂದು ಅನುಕೂಲವಿದ್ದಿತು. ಎರಡು ಹಾದಿಗಳೂ ಒಬ್ಬನೇ ಸೇವಾದಾರನ ಬಾಗಿಲಿಗೆ ಹೋಗುವುವು. ಜೋಡಿಸುವವನು ಅಲ್ಲಿಯೇ ಇದ್ದನು. ಇಂದು ನಮ್ಮ ಮನೆಗೆ ಬರುವುದು ಒಂದು ಕಂಪನಿಯ ಫೈಬರು, ಇನ್ನೊಂದು ಕಂಪನಿಯ ಸಿಮ್ಮು. ಪಂಡಿತ ಪರೀಕ್ಷೆಗೆ ಓದಿದವನಾದುದರಿಂದ ನನ್ನ ಭಾಷೆಯಲ್ಲಿ ಹೇಳುವುದಾದರೆ, ಮನೆಯ ಸಾಮಾನ್ಯ ರೂಟರು ಮಾಡುವುದು ಸಂಧಿಯಲ್ಲ, ದ್ವಂದ್ವ ಸಮಾಸ. ‘ಗಿಡಮರ’ದಲ್ಲಿ ಗಿಡ ಗಿಡವಾಗಿಯೇ ಇದೆ, ಮರ ಮರವಾಗಿಯೇ. ಹಾಗೆಯೇ, ಮಗನ ಪಾಠ ಒಂದು ತಂತಿಯಲ್ಲಿ, ಸೊಸೆಯ ಸಿನಿಮಾ ಇನ್ನೊಂದರಲ್ಲಿ ಎಂದು ರೂಟರು ಹಂಚುತ್ತದೆ. ಒಂದೇ ಪಾಠವನ್ನು ಎರಡಾಗಿ ಸೀಳುವುದಿಲ್ಲ. ಎರಡು ತಂತಿಗೆ ಎರಡು ವಿಳಾಸ. ಅರ್ಧ ಮಾತು ಒಂದು ವಿಳಾಸದಿಂದಲೂ ಉಳಿದರ್ಧ ಬೇರೆ ವಿಳಾಸದಿಂದಲೂ ಬಂದರೆ ಬ್ಯಾಂಕಿನ ಯಂತ್ರ ಇದಾರೋ ಕಳ್ಳರೆಂದು ಬಾಗಿಲು ಮುಚ್ಚಬಹುದು! 30ರ ಒಂದು ಸಂಪರ್ಕ, 20ರ ಇನ್ನೊಂದು ಕೊಂಡು 50ರ ವೇಗದ ಒಂದೇ ಹೊಳೆ ಹರಿಯುತ್ತದೆಂದು ನಂಬಿದವರು ಮೋಸ ಹೋದಂತಾಗುವುದು ಈ ಕಾರಣದಿಂದ. ನಿಜವಾದ ಸಂಧಿ ಬೇಕಾದರೆ ದೂರದಲ್ಲಿ ಒಂದು ಗಣಕವನ್ನು ಬಾಡಿಗೆಗೆ ಹಿಡಿದು, ತುಂಡುಗಳನ್ನು ಜೋಡಿಸಿ ಮುಂದೆ ಕಳುಹಿಸುವ ಕೆಲಸಕ್ಕೆ ಹಚ್ಚಬೇಕು. ಲಂಡನ್, ಬೆಲ್ಜಿಯಮ್ಮುಗಳ ವಿಶ್ವವಿದ್ಯಾನಿಲಯದವರು ಸೇರಿ ಬೆಳೆಸಿದ ‘ಮಲ್ಟಿಪಾತ್ ಟಿಸಿಪಿ’ ಎಂಬ ಪದ್ಧತಿಯಲ್ಲಿ ಎರಡೂ ಕೊನೆಗಳವರು ಒಪ್ಪಿದರೆ ಈ ಬಾಡಿಗೆಯವನಿಲ್ಲದೆಯೇ ಸಂಧಿ ಸಾಧ್ಯ. ಅದರ ನಿಯಮಗಳು 2013ರಲ್ಲಿ ಪ್ರಕಟವಾದುವು. ಅದೇ ವರ್ಷ ಆಪಲ್ ಕಂಪನಿ ತನ್ನ ಫೋನಿನ ‘ಸಿರಿ’ಗೆ ಅದನ್ನು ಅಳವಡಿಸಿತು.

ಇಷ್ಟು ಹೊತ್ತು ವೇಗದ ಮಾತಾಯಿತು. ನಮ್ಮ ಮನೆಯಲ್ಲಿ ಪ್ರಶ್ನೆ ವೇಗದ್ದಾಗಿರಲಿಲ್ಲ. 2020ರ ಮಾರ್ಚಿನಲ್ಲಿ ದೇಶ ಬಾಗಿಲು ಹಾಕಿದಾಗ ಬೆಂಗಳೂರಿನ ಕಂಪನಿಯೊಂದರಲ್ಲಿದ್ದ ನನ್ನ ಮಗಳು ಊರಿಗೆ ಬಂದಳು. ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕುಳಿತು ಪಾಠ ಕೇಳಿದ ಕಾಲ ಅದು; ನನ್ನ ವಿದ್ಯಾರ್ಥಿಗಳೂ ಕುಳಿತವರೇ. ನನ್ನ ತಾಯಿಗೆ ಆಗಲೇ ಎಂಬತ್ತು ದಾಟಿತ್ತು. ಮಗಳು ಊರಿನಲ್ಲಿಯೇ ಉಳಿದು ಕೆಲಸ ಮಾಡುವೆನೆಂದಳು, ಅವಳ ಮೇಲಿನವರೂ ಒಪ್ಪಿದರು. ಆದರೆ ಒಂದು ಷರತ್ತು: ಸಂಪರ್ಕ ಕಡಿಯಕೂಡದು. ನಮ್ಮ ಸೀಮೆಯಲ್ಲಿ ಮುದುಕರಷ್ಟೇ ಉಳಿದ ಮನೆಗಳು ಎಷ್ಟಿವೆ ಎಂಬುದನ್ನು ಬಲ್ಲವರಿಗೆ ಈ ಷರತ್ತಿನ ತೂಕ ತಿಳಿದೀತು.

ನಾವು ಎರಡು ಕಂಪನಿಗಳ ಎರಡು ಫೈಬರು ಹಾಕಿಸಿದೆವು. ನಾನಂತೂ ದುರ್ಗ ಕಟ್ಟಿದ ಅರಸನಂತೆ ಬೀಗಿದೆನು. ಜುಲೈ ತಿಂಗಳ ಒಂದು ರಾತ್ರಿ ಹಳೆಯ ಮತ್ತಿಯ ಮರವೊಂದು ರಸ್ತೆಗೆ ಒರಗಿತು. ಬೆಳಗ್ಗೆ ಎರಡೂ ಸತ್ತಿದ್ದುವು.

“ಅಪ್ಪಯ್ಯ, ಎರಡು ಇದ್ದೇನು ಬಂತು? ಎರಡೂ ಒಂದೇ ಕಂಬಕ್ಕೆ ಜೋತಿವೆಯಲ್ಲ” ಎಂದಳು ಮಗಳು.

ಅವಳು ಸಿದ್ದಾಪುರದ ಬಂಧುಗಳ ಮನೆಗೆ ಹೋಗಿ ಐದು ದಿನ ಕೆಲಸ ಮಾಡಿದಳು. ತಂತಿಯವರು ಬರುತ್ತೇವೆನ್ನುತ್ತ ಐದನೆಯ ದಿನ ಬಂದರು. ಹೆಸರು ಬೇಡ, ಆ ಮಳೆಯಲ್ಲಿ ಅವರ ಪಾಡೂ ಸುಖದ್ದಲ್ಲ. ಆ ಐದು ದಿನ ನನ್ನ ತಾಯಿ ಸಂಜೆಯಾದರೆ, “ಕೂಸು ಬಂತೋ?” ಎಂದು ಕೇಳುತ್ತಿದ್ದಳು.

ನಮ್ಮ ಕಂಬದ ಕಥೆ ಸಣ್ಣದು. ಇದೇ ಕಥೆ ಸಮುದ್ರದ ತಳದಲ್ಲಿ ನಡೆದುದುಂಟು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯದ ಸಮೀಪ ಮೆಡಿಟರೇನಿಯನ್ ಕಡಲಿನಲ್ಲಿ ಎರಡು ದೊಡ್ಡ ಕೇಬಲ್ಲುಗಳು ತುಂಡಾದುವು. ಒಡೆಯರು ಬೇರೆ, ಹೆಸರು ಬೇರೆ. ದಾರಿ ಮಾತ್ರ ಒಂದೇ. ಬೆಂಗಳೂರಿನವರೂ ಸೇರಿದಂತೆ ಭಾರತದ ಬಳಕೆದಾರರಿಗೆ ಪಶ್ಚಿಮದ ಹಾದಿ ಕುಗ್ಗಿತು. ಪೂರ್ವದಲ್ಲಿ ಪೆಸಿಫಿಕ್ ಸುತ್ತಿ ಮಾತು ಕಳುಹಿಸಬೇಕಾಯಿತು. ಎರಡು ಕಂಪನಿಗಳಿಗೆ ದುಡ್ಡು ಕೊಟ್ಟ ಮಾತ್ರಕ್ಕೆ ಎರಡು ದಾರಿ ಕೊಂಡಂತಾಗಲಿಲ್ಲ. ಬೆವರೇಜ್ ಮಹಾಶಯರ ಆಂಟೆನಾಗಳ ಮಾತು ಇಲ್ಲಿ ನೆನಪಿಗೆ ಬರುತ್ತದೆ.

ಆಮೇಲೆ ಮಗಳೂ ನಾನೂ ಕೊಡೆ ಹಿಡಿದು ಮನೆಯಿಂದ ಮುಖ್ಯ ರಸ್ತೆಯವರೆಗೆ ಕಂಬ ನೋಡುತ್ತ ನಡೆದೆವು. ಒಂದು ಫೈಬರನ್ನು ತೆಗೆಸಿ, ಅದರ ಬದಲು ಸಿಮ್ ಹಾಕುವ ಪೆಟ್ಟಿಗೆಯೊಂದನ್ನು ಅಟ್ಟದ ಕಿಟಕಿಯಲ್ಲಿಟ್ಟೆವು. ಎದುರು ಗುಡ್ಡದ ಟವರು ಅಲ್ಲಿಂದ ಚೆನ್ನಾಗಿ ಸಿಕ್ಕುತ್ತದೆ. ಆಗ ಮಗಳು ಇನ್ನೊಂದು ಪ್ರಶ್ನೆ ತೆಗೆದಳು: ಆ ಟವರಿಗೆ ಸುದ್ದಿ ಬರುವುದು ಯಾವ ತಂತಿಯಲ್ಲಿ? ಟವರಿನ ಕಾಲಿಗೂ ಒಂದು ಫೈಬರು ಬಂದಿರಬಹುದು. ಅದು ನಮ್ಮ ಕಂಬದ್ದೇ ಆದರೆ ಮತ್ತೆ ಮೊದಲಿನ ಗತಿಯೇ. ಕೆಲವು ಟವರುಗಳಿಗೆ ತಂತಿಯಿಲ್ಲದೆ, ಗುಡ್ಡದಿಂದ ಗುಡ್ಡಕ್ಕೆ ಸೂಕ್ಷ್ಮ ಅಲೆಗಳಲ್ಲಿ ಸುದ್ದಿ ದಾಟುತ್ತದೆ. ಟವರಿನ ಕಾವಲಿನವನನ್ನು ಕಂಡು, ಫೈಬರು ಕಡಿದ ದಿನ ಅಲ್ಲಿ ಏನಾಯಿತೆಂದು ಕೇಳಿದೆವು. ಅದು ನಡೆಯುತ್ತಿತ್ತೆಂದನು. ಅಷ್ಟು ಸಾಕಾಯಿತು.

ಇನ್ನು ರೂಟರಿಗೆ ತಂತಿ ಸತ್ತಿದೆಯೆಂದು ತಿಳಿಯುವುದು ಹೇಗೆ? ನಮ್ಮ ಮನೆಯೊಳಗಿನ ತುಂಡಿನಲ್ಲಿ ಬೆಳಕು ಉರಿಯುತ್ತಿದ್ದರೂ ಹತ್ತು ಮೈಲಿ ಆಚೆ ಅದು ಕಡಿದಿರಬಹುದು. ಅದಕ್ಕಾಗಿ ರೂಟರು ಕೆಲವು ಸೆಕೆಂಡಿಗೊಮ್ಮೆ ದೂರದ ವಿಳಾಸವೊಂದಕ್ಕೆ, ಇದ್ದೀಯಾ ಎಂದು ಕೂಗಿ ಕೇಳುತ್ತದೆ. ನಾಲ್ಕಾರು ಸಲ ಓಗೊಡದಿದ್ದರೆ ಇನ್ನೊಂದು ದಾರಿಗೆ ಹೊರಳುತ್ತದೆ. ಹತ್ತಿರದ ವಿಳಾಸ ಕೊಟ್ಟರೆ ಪಕ್ಕದ ಮನೆಯವರನ್ನು ಕೂಗಿ ಊರೆಲ್ಲ ಕ್ಷೇಮವೆಂದುಕೊಂಡಂತಾದೀತು. ಎರಡೂ ಪೆಟ್ಟಿಗೆಗಳಿಗೆ ಇನ್ವರ್ಟರಿನಿಂದ ಕರೆಂಟು ಎಳೆಸುವುದನ್ನು ಮರೆಯಬೇಡಿ. ನಮ್ಮಲ್ಲಿ ಮರ ಬಿದ್ದರೆ ಮೊದಲು ಹೋಗುವುದು ಕರೆಂಟು.

ಕಳೆದ ಮಳೆಗಾಲದಲ್ಲಿ ಫೈಬರು ಮೂರು ಸಲ ಕಡಿಯಿತು. ಒಂದು ಸಲ ಮಗಳು ಸಭೆಯಲ್ಲಿ ಮಾತನಾಡುತ್ತಿದ್ದಳು. ಮುಖಗಳು ಕೆಲವು ಕ್ಷಣ ಕಲ್ಲಾಗಿ, ಮತ್ತೆ ಅಲುಗಾಡಿದುವು. ಅವಳು, “ಕ್ಷಮಿಸಿ, ಎಲ್ಲಿಗೆ ನಿಲ್ಲಿಸಿದ್ದೆ?” ಎಂದು ಕೇಳಿ ಮುಂದುವರಿಸಿದಳು. ಒಳಗೆ ನನ್ನ ತಾಯಿ ಕಷಾಯಕ್ಕೆ ಕರೆಯುತ್ತಿದ್ದಳು.